ಕಣ್ಣಿಗೆ ಅಂತ ಕೊಡುವ ಹಳದಿ ಕ್ಯಾಪ್ಸೂಲ್: ಯಾರಿಗೆ ಬೇಕು, ಯಾರಿಗೆ ಬೇಡ?

ಐವತ್ತು ದಾಟಿದವರು ಕಣ್ಣು ತೋರಿಸಿಕೊಂಡು ಬಂದರೆ, ಚೀಟಿಯಲ್ಲಿ ಕನ್ನಡಕದ ನಂಬರ್ ಜೊತೆಗೆ ಒಂದು ಕ್ಯಾಪ್ಸೂಲ್ ಹೆಸರೂ ಇರುವುದು ಈಗ ಮಾಮೂಲಾಗಿದೆ. ಇನ್ನೊಂದು ಕಡೆ, ದಿನವಿಡೀ ಮೊಬೈಲ್ ಹಿಡಿದು ಕೂರುವ ಇಪ್ಪತ್ತೈದರ ಹುಡುಗರಿಗೂ ಜಾಹೀರಾತುಗಳು ಹೆಚ್ಚುಕಡಿಮೆ ಅದೇ ಕ್ಯಾಪ್ಸೂಲನ್ನು ತೋರಿಸುತ್ತಿವೆ. ಡಬ್ಬಿ ಮೇಲೆ ಲ್ಯೂಟಿನ್, ಝಿಯಾಕ್ಸಾಂಥಿನ್, ಬೀಟಾ ಕೆರೊಟಿನ್ ಅಂತ ನಾಲಿಗೆ ಹೊರಳದ ಹೆಸರುಗಳು. ಇವೆಲ್ಲ ಸೇರಿ ಕೆರೊಟಿನಾಯ್ಡ್. ‘ಕಣ್ಣಿಗೆ ಒಳ್ಳೆಯದು’ ಅನ್ನುವ ಒಂದೇ ಮಾತಿನಲ್ಲಿ ಎಲ್ಲವನ್ನೂ ಮಾರುತ್ತಾರೆ. ಆದರೆ ಕಣ್ಣಿನ ಯಾವ ಭಾಗಕ್ಕೆ, ಯಾವ ತೊಂದರೆಗೆ, ಯಾವ ಕೆರೊಟಿನಾಯ್ಡ್ ಅಂತ ಕೇಳಿದ ತಕ್ಷಣ ಉತ್ತರ ಬದಲಾಗುತ್ತದೆ. ಒಬ್ಬರಿಗೆ ಅದು ನಿಜಕ್ಕೂ ಉಪಯೋಗದ ಮಾತ್ರೆ, ಇನ್ನೊಬ್ಬರಿಗೆ ಸುಮ್ನೆ ಖರ್ಚು, ಮತ್ತೊಬ್ಬರಿಗೆ ಅಪಾಯ.

## ಕೆರೊಟಿನಾಯ್ಡ್ ಅಂದರೆ ಏನು?

ಇದು ಒಂದೇ ವಸ್ತುವಿನ ಹೆಸರಲ್ಲ, ಒಂದು ದೊಡ್ಡ ಗುಂಪಿನ ಹೆಸರು. ಗಿಡಗಳು, ಪಾಚಿ, ಕೆಲವು ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾಗಳು ತಯಾರಿಸುವ ಹಳದಿ, ಕಿತ್ತಳೆ, ಕೆಂಪು ಬಣ್ಣಗಳಿವು. ಕ್ಯಾರೆಟ್ಟಿನ ಕಿತ್ತಳೆ, ಟೊಮೆಟೊದ ಕೆಂಪು, ಮೆಕ್ಕೆಜೋಳದ ಹಳದಿ, ಚೆಂಡು ಹೂವಿನ ಹೊಂಬಣ್ಣ ಎಲ್ಲವೂ ಇದೇ ಗುಂಪು. ಸೊಪ್ಪಿನಲ್ಲೂ ಧಾರಾಳವಾಗಿ ಇವೆ. ಎಲೆಯ ಹಸಿರು ಮುಚ್ಚಿಬಿಡುವುದರಿಂದ ಕಾಣಿಸುವುದಿಲ್ಲ, ಅಷ್ಟೇ. ಕೆಲವು ಎಲೆ ಉದುರುವ ಮುಂಚೆ ಹಸಿರು ಕಳೆದುಕೊಂಡು ಹಳದಿಯಾಗುತ್ತದೆ ನೋಡಿ, ಆ ಹಳದಿ ಹೊಸದಾಗಿ ಬಂದದ್ದಲ್ಲ, ಮೊದಲಿಂದಲೂ ಒಳಗೇ ಇದ್ದ ಕೆರೊಟಿನಾಯ್ಡ್.

ಈ ಗುಂಪಿನಲ್ಲಿ 600ಕ್ಕೂ ಜಾಸ್ತಿ ಬಗೆಗಳನ್ನು ಗುರುತಿಸಿದ್ದಾರೆ. ನಮ್ಮ ಊಟದಲ್ಲಿ ಬರುವುದು ಅದರಲ್ಲಿ ಕೆಲವೇ ಡಜನ್. ರಕ್ತದಲ್ಲಿ ಸಿಗುವುದು ಇನ್ನೂ ಕಡಿಮೆ. ಕಣ್ಣಿನ ಹಿಂಭಾಗದ ಪರದೆ, ಅಂದರೆ ರೆಟಿನಾದ ನಟ್ಟನಡುವೆ ಹೋಗಿ ಕೂರುವುದು ಎರಡೇ ಎರಡು: ಲ್ಯೂಟಿನ್ ಮತ್ತು ಝಿಯಾಕ್ಸಾಂಥಿನ್. ಇವುಗಳ ಜೊತೆಗೆ ಮೀಸೊ-ಝಿಯಾಕ್ಸಾಂಥಿನ್ ಅಂತ ಮೂರನೆಯದೊಂದಿದೆ, ಅದನ್ನು ಕಣ್ಣು ತಾನೇ ಲ್ಯೂಟಿನ್‌ನಿಂದ ಮಾಡಿಕೊಳ್ಳುತ್ತದೆ. ಇಷ್ಟೊಂದು ಬಗೆಗಳಲ್ಲಿ ಕಣ್ಣು ಇವನ್ನೇ ಆರಿಸಿ, ರಕ್ತದಿಂದ ಹೀರಿ, ಇಟ್ಟುಕೊಳ್ಳುತ್ತದೆ. ವಿಜ್ಞಾನಿಗಳಿಗೆ ಕುತೂಹಲ ಹುಟ್ಟಿಸಿದ್ದು ಇದೇ.

ನಮ್ಮ ದೇಹ ಕೆರೊಟಿನಾಯ್ಡ್‌ಗಳನ್ನು ಮೊದಲಿಂದ ತಯಾರಿಸುವುದಿಲ್ಲ. ಅಷ್ಟೂ ಊಟದಿಂದಲೇ ಬರಬೇಕು, ಇಲ್ಲವೇ ಮಾತ್ರೆಯಿಂದ.

## ಕಣ್ಣೊಳಗಿನ ಹಳದಿ ಜಾಗ

ರೆಟಿನಾದ ಮಧ್ಯೆ ಸುಮಾರು ಐದೂವರೆ ಮಿಲಿಮೀಟರ್ ಅಗಲದ ಒಂದು ಜಾಗವಿದೆ. ಅದರ ಹೆಸರು ಮ್ಯಾಕ್ಯುಲಾ. ನೀವು ಈಗ ಈ ಅಕ್ಷರಗಳನ್ನು ಓದುತ್ತಿರುವುದು ಅದರಿಂದಲೇ. ಮುಖ ಗುರುತು ಹಿಡಿಯುವುದು, ಸೂಜಿಗೆ ದಾರ ಪೋಣಿಸುವುದು, ಬಸ್ಸಿನ ಬೋರ್ಡ್ ಓದುವುದು, ಹೀಗೆ ನೇರವಾಗಿ ನೋಡಿ ಮಾಡುವ ಎಲ್ಲ ಕೆಲಸ ಈ ಪುಟ್ಟ ಜಾಗದ್ದು. ಸುತ್ತಲಿನ ರೆಟಿನಾ ಅಕ್ಕಪಕ್ಕದ್ದನ್ನು, ಅಲುಗಾಡುವುದನ್ನು, ಕತ್ತಲಲ್ಲಿ ಇರುವುದನ್ನು ನೋಡಿಕೊಳ್ಳುತ್ತದೆ.

ಮ್ಯಾಕ್ಯುಲಾ ಹಳದಿಯಾಗಿರುವುದಕ್ಕೆ ಕಾರಣ ಆ ಲ್ಯೂಟಿನ್ ಮತ್ತು ಝಿಯಾಕ್ಸಾಂಥಿನ್. ನಟ್ಟನಡುವೆ ಝಿಯಾಕ್ಸಾಂಥಿನ್ ಜಾಸ್ತಿ, ಅಂಚಿಗೆ ಹೋದಂತೆ ಲ್ಯೂಟಿನ್ ಜಾಸ್ತಿ. ಇವು ಅಲ್ಲಿ ಎರಡು ಕೆಲಸ ಮಾಡುತ್ತವೆ.

ಒಂದು, ನೀಲಿ ಬೆಳಕನ್ನು ಹೀರುವುದು. ನಮಗೆ ಕಾಣುವ ಬೆಳಕಿನಲ್ಲಿ ನೀಲಿ ಮತ್ತು ನೇರಳೆಗೆ ಶಕ್ತಿ ಹೆಚ್ಚು. ಈ ಹಳದಿ ಬಣ್ಣ 460 ನ್ಯಾನೋಮೀಟರ್ ಆಸುಪಾಸಿನ ನೀಲಿಯನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಅದು ಕೂತಿರುವ ಜಾಗವೂ ಸರಿಯಾಗಿದೆ: ಬೆಳಕನ್ನು ಹಿಡಿಯುವ ಜೀವಕೋಶಗಳ ಮುಖ್ಯ ಭಾಗಕ್ಕೆ ಬೆಳಕು ತಲುಪುವ ಮೊದಲೇ ದಾರಿಯಲ್ಲಿ ಇದು ಸಿಗುತ್ತದೆ.

ಎರಡನೆಯದು ರಾಸಾಯನಿಕ ಕೆಲಸ. ರೆಟಿನಾ ದೇಹದಲ್ಲೇ ಅತಿ ಹೆಚ್ಚು ಆಮ್ಲಜನಕ ಬಳಸುವ ಅಂಗಾಂಶಗಳಲ್ಲಿ ಒಂದು. ಅಲ್ಲಿ ಬೇಗ ಕೆಡುವ ಬಗೆಯ ಕೊಬ್ಬು ತುಂಬಿದೆ, ಮೇಲಿಂದ ದಿನವಿಡೀ ಬೆಳಕು ಬೀಳುತ್ತಿರುತ್ತದೆ. ಆಮ್ಲಜನಕ, ಕೊಬ್ಬು, ಬೆಳಕು ಮೂರೂ ಒಂದೇ ಕಡೆ ಸೇರಿದರೆ ಸುತ್ತಲಿನದನ್ನೆಲ್ಲ ಹಾಳುಮಾಡುವ ಚುರುಕು ಅಣುಗಳು ಹುಟ್ಟುತ್ತವೆ. ಕೆರೊಟಿನಾಯ್ಡ್‌ಗಳು ಅವುಗಳ ಶಕ್ತಿಯನ್ನು ತಾವು ತೆಗೆದುಕೊಂಡು ಶಾಖವಾಗಿ ಬಿಟ್ಟುಬಿಡುತ್ತವೆ. ‘ಆ್ಯಂಟಿ ಆಕ್ಸಿಡೆಂಟ್’ ಅಂತ ಡಬ್ಬಿ ಮೇಲೆ ಬರೆದಿರುವುದರ ಅರ್ಥ ಇದು. ಗಿಡದ ಎಲೆಯಲ್ಲೂ ಇವು ಮಾಡುವ ಕೆಲಸ ಇಂಥದ್ದೇ, ಬಿಸಿಲು ಹೆಚ್ಚಾದಾಗ ಎಲೆಯನ್ನು ಕಾಯುವುದು.

ಇಲ್ಲಿಯವರೆಗೆ ಎಲ್ಲ ಸರಿ. ಆದರೆ ‘ಕಣ್ಣಲ್ಲಿ ಇದು ಇದೆ, ಒಳ್ಳೆಯ ಕೆಲಸ ಮಾಡುತ್ತದೆ’ ಅನ್ನುವುದು ಒಂದು ಮಾತು. ‘ಆದ್ದರಿಂದ ಮಾತ್ರೆ ನುಂಗಿದರೆ ಕಣ್ಣು ಉಳಿಯುತ್ತದೆ’ ಅನ್ನುವುದು ಬೇರೆಯೇ ಮಾತು. ಮೊದಲನೆಯದರಿಂದ ಎರಡನೆಯದಕ್ಕೆ ಸೀದಾ ಹಾರುವುದು ಜಾಹೀರಾತಿನ ಕೆಲಸ. ಅದನ್ನು ಪ್ರಯೋಗ ಮಾಡಿಯೇ ನೋಡಬೇಕು, ನೋಡಿಯೂ ಇದ್ದಾರೆ. ಅದಕ್ಕೆ ಬರುವ ಮೊದಲು ಕ್ಯಾರೆಟ್ ವಿಷಯ ಮುಗಿಸಿಬಿಡೋಣ.

## ಕ್ಯಾರೆಟ್ಟಿನ ಕೆಲಸ ಬೇರೆ

ಕ್ಯಾರೆಟ್‌ನಲ್ಲಿ ಮುಖ್ಯವಾಗಿ ಇರುವುದು ಬೀಟಾ ಕೆರೊಟಿನ್. ಇದು ಮ್ಯಾಕ್ಯುಲಾದಲ್ಲಿ ಹೋಗಿ ಕೂರುವುದಿಲ್ಲ. ದೇಹ ಇದನ್ನು ಒಡೆದು ವಿಟಮಿನ್ ಎ ಮಾಡಿಕೊಳ್ಳುತ್ತದೆ. ಆ ವಿಟಮಿನ್ ಎ ಇಲ್ಲದಿದ್ದರೆ ರೆಟಿನಾದಲ್ಲಿ ಬೆಳಕು ಹಿಡಿಯುವ ರೊಡಾಪ್ಸಿನ್ ಅನ್ನುವ ವಸ್ತು ತಯಾರಾಗುವುದಿಲ್ಲ. ಮೊದಲು ಕಾಣಿಸಿಕೊಳ್ಳುವುದು ಇರುಳುಗುರುಡು. ಕೊರತೆ ಮುಂದುವರಿದರೆ ಕಣ್ಣಿನ ಮೇಲ್ಮೈ ಒಣಗಿ, ಕರಗಿ, ದೃಷ್ಟಿಯೇ ಹೋಗಬಹುದು. ವಿಟಮಿನ್ ಎಗೂ ನೋಟಕ್ಕೂ ಇರುವ ಈ ನಂಟನ್ನು ಬಿಡಿಸಿ ತೋರಿಸಿದ ಜಾರ್ಜ್ ವಾಲ್ಡ್ ಅವರಿಗೆ 1967ರಲ್ಲಿ ನೊಬೆಲ್ ಬಂತು.

ಲ್ಯೂಟಿನ್, ಝಿಯಾಕ್ಸಾಂಥಿನ್ ವಿಟಮಿನ್ ಎ ಆಗಿ ಬದಲಾಗುವುದಿಲ್ಲ. ಬೀಟಾ ಕೆರೊಟಿನ್ ಮ್ಯಾಕ್ಯುಲಾಗೆ ಬಣ್ಣ ಕೊಡುವುದಿಲ್ಲ. ಒಂದರ ಕೊರತೆಯನ್ನು ಇನ್ನೊಂದು ತುಂಬುವುದಿಲ್ಲ. ವಿಟಮಿನ್ ಎ ಕೊರತೆ ಇರುವ ಮಗುವಿಗೆ ಲ್ಯೂಟಿನ್ ಕೊಟ್ಟರೆ ಪ್ರಯೋಜನವಿಲ್ಲ. ಮ್ಯಾಕ್ಯುಲಾ ಸವೆಯುತ್ತಿರುವ ಅಜ್ಜಿಗೆ ಬರೀ ಕ್ಯಾರೆಟ್ ತಿನ್ನಿಸಿದರೂ ಅಷ್ಟೇ. ಇನ್ನು ಕೊರತೆಯೇ ಇಲ್ಲದವರು ಕ್ಯಾರೆಟ್ ಜಾಸ್ತಿ ತಿಂದರೆ ಕನ್ನಡಕದ ನಂಬರ್ ಇಳಿಯುತ್ತದೆ ಅನ್ನುವುದು ಸುಳ್ಳು. ನಂಬರ್ ಬರುವುದು ಕಣ್ಣುಗುಡ್ಡೆಯ ಉದ್ದ ಮತ್ತು ಆಕಾರದ ಲೆಕ್ಕದಲ್ಲಿ. ಯಾವ ಕೆರೊಟಿನಾಯ್ಡೂ ಅದನ್ನು ಬದಲಾಯಿಸುವುದಿಲ್ಲ.

## ಯಾವ ಕಾಯಿಲೆಗಾಗಿ ಈ ಮಾತ್ರೆ ಬಂತು?

ವಯಸ್ಸಾದಂತೆ ಕೆಲವರ ಮ್ಯಾಕ್ಯುಲಾ ಸವೆಯುತ್ತದೆ. ಇಂಗ್ಲಿಷಿನಲ್ಲಿ ಏಜ್ ರಿಲೇಟೆಡ್ ಮ್ಯಾಕ್ಯುಲರ್ ಡಿಜೆನರೇಷನ್, ಚುಟುಕಾಗಿ ಎಎಂಡಿ. ಕಣ್ಣಿನ ಪೊರೆಯ ಜೊತೆ ಇದನ್ನು ಕಲಸಿಕೊಳ್ಳಬೇಡಿ. ಪೊರೆ ಬರುವುದು ಮುಂದಿರುವ ಮಸೂರಕ್ಕೆ, ಆಪರೇಷನ್ ಮಾಡಿ ಹೊಸ ಮಸೂರ ಹಾಕಿದರೆ ಸರಿಹೋಗುತ್ತದೆ. ಎಎಂಡಿ ಬರುವುದು ಹಿಂದಿರುವ ರೆಟಿನಾಗೆ, ಅದನ್ನು ಬದಲಾಯಿಸಲು ಬರುವುದಿಲ್ಲ.

ಇದಕ್ಕೆ ಹಂತಗಳಿವೆ. ಶುರುವಿನಲ್ಲಿ ರೆಟಿನಾದ ಅಡಿಯಲ್ಲಿ ಡ್ರೂಸನ್ ಅನ್ನುವ ಸಣ್ಣ ಸಣ್ಣ ಹಳದಿ ಜಿಡ್ಡಿನ ಗಂಟುಗಳು ಸೇರುತ್ತವೆ. ಆಗ ಏನೂ ಗೊತ್ತಾಗುವುದಿಲ್ಲ. ಅವು ದೊಡ್ಡದಾದರೆ ಮಧ್ಯಮ ಹಂತ. ಕೊನೆಯ ಹಂತ ಎರಡು ರೀತಿ ಬರುತ್ತದೆ. ಒಂದು ‘ಒಣ’ ಬಗೆ, ಮ್ಯಾಕ್ಯುಲಾದ ಜೀವಕೋಶಗಳು ತೇಪೆ ತೇಪೆಯಾಗಿ ಸಾಯುತ್ತಾ ಹೋಗುವುದು. ಇನ್ನೊಂದು ‘ಒದ್ದೆ’ ಬಗೆ, ರೆಟಿನಾದ ಅಡಿಯಲ್ಲಿ ಬೇಡದ ಹೊಸ ರಕ್ತನಾಳಗಳು ಬೆಳೆದು ಸೋರುವುದು. ಎರಡರಲ್ಲೂ ನೋಟದ ನಡುಭಾಗ ಹೋಗುತ್ತದೆ. ಎದುರಿಗೆ ಬಂದು ನಿಂತವರ ಮೈ, ಸೀರೆ ಎಲ್ಲ ಕಾಣುತ್ತದೆ, ಮುಖ ಇರಬೇಕಾದ ಜಾಗದಲ್ಲಿ ಮಸುಕು.

ವಯಸ್ಸು, ವಂಶ, ಸಿಗರೇಟು ಇವು ಮುಖ್ಯ ಕಾರಣಗಳು. ವಯಸ್ಸು, ವಂಶ ನಮ್ಮ ಕೈಲಿಲ್ಲ. ಸಿಗರೇಟು ಇದೆ.

## ಪ್ರಯೋಗಗಳಲ್ಲಿ ಏನು ಸಿಕ್ಕಿತು?

ಅಮೆರಿಕದ ನ್ಯಾಷನಲ್ ಐ ಇನ್‌ಸ್ಟಿಟ್ಯೂಟ್ ಈ ವಿಷಯದಲ್ಲಿ ಎರಡು ದೊಡ್ಡ ಪ್ರಯೋಗ ನಡೆಸಿತು. ಮೊದಲನೆಯದರ ಹೆಸರು ಏರೆಡ್ಸ್, ಫಲಿತಾಂಶ ಬಂದದ್ದು 2001ರಲ್ಲಿ. ಅದರಲ್ಲಿ ಕೊಟ್ಟಿದ್ದು ವಿಟಮಿನ್ ಸಿ 500 ಮಿ.ಗ್ರಾಂ, ವಿಟಮಿನ್ ಇ 400 ಯೂನಿಟ್, ಬೀಟಾ ಕೆರೊಟಿನ್ 15 ಮಿ.ಗ್ರಾಂ, ಸತು ಅಂದರೆ ಝಿಂಕ್ 80 ಮಿ.ಗ್ರಾಂ, ತಾಮ್ರ 2 ಮಿ.ಗ್ರಾಂ. ಝಿಂಕ್ ಜಾಸ್ತಿ ಆದರೆ ದೇಹದಲ್ಲಿ ತಾಮ್ರ ಕಡಿಮೆಯಾಗುತ್ತದೆ, ಅದಕ್ಕೇ ತಾಮ್ರ ಸೇರಿಸಿದ್ದು.

ಮಧ್ಯಮ ಹಂತದಲ್ಲಿದ್ದವರು ಮತ್ತು ಒಂದು ಕಣ್ಣಲ್ಲಿ ಆಗಲೇ ಕೊನೆಯ ಹಂತ ತಲುಪಿದ್ದವರಲ್ಲಿ, ಐದು ವರ್ಷದಲ್ಲಿ ಕಾಯಿಲೆ ಕೊನೆಯ ಹಂತಕ್ಕೆ ಹೋಗುವ ಸಾಧ್ಯತೆ ಸುಮಾರು 25% ಕಡಿಮೆಯಾಯಿತು. ಡಬ್ಬಿಗಳ ಮೇಲೆ, ಜಾಹೀರಾತಿನಲ್ಲಿ ಓಡಾಡುವ ಸಂಖ್ಯೆ ಇದೇ. ಇದನ್ನು ಸ್ವಲ್ಪ ಬಿಡಿಸಿ ನೋಡೋಣ. ಅಂಥ ನೂರು ಜನರಿಗೆ ಬರೀ ಹುಸಿ ಮಾತ್ರೆ ಕೊಟ್ಟಾಗ ಐದು ವರ್ಷದಲ್ಲಿ ಸುಮಾರು 28 ಜನರಿಗೆ ಕಾಯಿಲೆ ಮುಂದುವರಿಯಿತು. ನಿಜವಾದ ಮಾತ್ರೆ ಕೊಟ್ಟಾಗ ಸುಮಾರು 20 ಜನರಿಗೆ. ಅಂದರೆ ನೂರಕ್ಕೆ ಎಂಟು ಜನ ಉಳಿದರು. 20 ಜನರಿಗೆ ಮಾತ್ರೆ ತೆಗೆದುಕೊಂಡರೂ ಕಾಯಿಲೆ ಮುಂದುವರಿಯಿತು. 72 ಜನರಿಗೆ ತೆಗೆದುಕೊಳ್ಳದಿದ್ದರೂ ಆ ಐದು ವರ್ಷದಲ್ಲಿ ಮುಂದುವರಿಯುತ್ತಿರಲಿಲ್ಲ. ತಾನು ಯಾವ ಗುಂಪಿನವನು ಅಂತ ಮೊದಲೇ ಯಾರಿಗೂ ಗೊತ್ತಿರುವುದಿಲ್ಲ, ಹಾಗಾಗಿ ಎಲ್ಲರೂ ತೆಗೆದುಕೊಳ್ಳಬೇಕಾಗುತ್ತದೆ. ಕಣ್ಣಿನ ವಿಷಯದಲ್ಲಿ ನೂರಕ್ಕೆ ಎಂಟು ಸಣ್ಣ ಸಂಖ್ಯೆಯಲ್ಲ ಅನ್ನುವುದು ನನ್ನ ಅಭಿಪ್ರಾಯ. ಆದರೆ ಅದು ಪವಾಡವೂ ಅಲ್ಲ, ಹೋದ ನೋಟ ವಾಪಸ್ ಬಂದದ್ದೂ ಅಲ್ಲ.

ಇನ್ನೊಂದು ಮುಖ್ಯ ಮಾತು ಇದೇ ಪ್ರಯೋಗದಲ್ಲಿತ್ತು, ಅದನ್ನು ಜಾಹೀರಾತಿನಲ್ಲಿ ಯಾರೂ ಹೇಳುವುದಿಲ್ಲ. ಕಾಯಿಲೆ ಇಲ್ಲದವರಿಗೆ ಅಥವಾ ತೀರಾ ಆರಂಭದ ಹಂತದಲ್ಲಿದ್ದವರಿಗೆ ಈ ಮಾತ್ರೆಯಿಂದ ಲಾಭ ಕಾಣಿಸಲಿಲ್ಲ.

ಎರಡನೆಯ ಪ್ರಯೋಗ ಏರೆಡ್ಸ್-2, ಫಲಿತಾಂಶ 2013ರಲ್ಲಿ. ಇದರಲ್ಲಿ 50ರಿಂದ 85 ವರ್ಷದ ಸುಮಾರು 4,200 ಜನ ಇದ್ದರು. ಲ್ಯೂಟಿನ್ 10 ಮಿ.ಗ್ರಾಂ ಮತ್ತು ಝಿಯಾಕ್ಸಾಂಥಿನ್ 2 ಮಿ.ಗ್ರಾಂ ಸೇರಿಸಿದರೆ ಹಳೆಯ ಸೂತ್ರ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದಾ ಅನ್ನುವುದು ಮುಖ್ಯ ಪ್ರಶ್ನೆ. ಒಟ್ಟಾರೆ ಲೆಕ್ಕದಲ್ಲಿ ಉತ್ತರ: ಹೆಚ್ಚುವರಿ ಲಾಭ ಸ್ಪಷ್ಟವಾಗಿ ಕಾಣಲಿಲ್ಲ. ಮೀನೆಣ್ಣೆಯ ಒಮೆಗಾ-3 ಕೂಡ ಪ್ರಯೋಜನಕ್ಕೆ ಬರಲಿಲ್ಲ. ಕಣ್ಣಿನ ಪೊರೆಯ ಆಪರೇಷನ್ ಒಟ್ಟಾರೆಯಾಗಿ ಕಡಿಮೆಯಾಗಲೂ ಇಲ್ಲ.

ಹಾಗಾದರೆ ಲ್ಯೂಟಿನ್ ಯಾಕೆ ಉಳಿಯಿತು? ಎರಡು ಕಾರಣ. ಮೊದಲನೆಯದು, ಊಟದಲ್ಲಿ ಲ್ಯೂಟಿನ್ ತೀರಾ ಕಡಿಮೆ ಸಿಗುತ್ತಿದ್ದವರನ್ನು ಬೇರೆಯಾಗಿ ನೋಡಿದಾಗ, ಅವರಲ್ಲಿ ಕಾಯಿಲೆ ಮುಂದುವರಿಯುವುದು ಸುಮಾರು 26% ಕಡಿಮೆಯಾಗಿತ್ತು. ಕೊಡ ಖಾಲಿ ಇದ್ದರೆ ಸುರಿದ ನೀರು ನಿಲ್ಲುತ್ತದೆ, ತುಂಬಿದ್ದರೆ ಚೆಲ್ಲಿ ಹೋಗುತ್ತದೆ ಅಲ್ವಾ, ಹಾಗೆ. ಎರಡನೆಯ ಕಾರಣ ಇನ್ನೂ ದೊಡ್ಡದು. ಅದು ಬೀಟಾ ಕೆರೊಟಿನ್‌ಗೆ ಸಂಬಂಧಪಟ್ಟದ್ದು.

## ಸಿಗರೇಟು ಸೇದುವವರು ಇದನ್ನು ಓದಲೇಬೇಕು

ಬೀಟಾ ಕೆರೊಟಿನ್ ಒಂದು ಕಾಲದಲ್ಲಿ ಕ್ಯಾನ್ಸರ್ ತಡೆಯುವ ಮಾತ್ರೆ ಆಗಬಹುದು ಅಂತ ಎಲ್ಲರೂ ಅಂದುಕೊಂಡಿದ್ದರು. ತರಕಾರಿ ಚೆನ್ನಾಗಿ ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ, ಅವರ ರಕ್ತದಲ್ಲಿ ಬೀಟಾ ಕೆರೊಟಿನ್ ಜಾಸ್ತಿ, ಹಾಗಾದರೆ ಅದನ್ನೇ ಮಾತ್ರೆ ಮಾಡಿ ಕೊಟ್ಟರಾಯಿತು ಅನ್ನುವ ಲೆಕ್ಕ. ಫಿನ್ಲೆಂಡ್‌ನಲ್ಲಿ ಸಿಗರೇಟು ಸೇದುವ 29,133 ಗಂಡಸರ ಮೇಲೆ ಪ್ರಯೋಗ ಮಾಡಿದರು. 1994ರಲ್ಲಿ ಫಲಿತಾಂಶ ಬಂದಾಗ ಎಲ್ಲ ಉಲ್ಟಾ: ದಿನಕ್ಕೆ 20 ಮಿ.ಗ್ರಾಂ ಬೀಟಾ ಕೆರೊಟಿನ್ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18% ಜಾಸ್ತಿ. ಅಮೆರಿಕದಲ್ಲಿ ಕ್ಯಾರೆಟ್ ಅನ್ನುವ ಹೆಸರಲ್ಲೇ ನಡೆಯುತ್ತಿದ್ದ ಇನ್ನೊಂದು ಪ್ರಯೋಗದಲ್ಲಿ, ಸಿಗರೇಟು ಸೇದುವವರಿಗೆ, ಬಿಟ್ಟವರಿಗೆ ಮತ್ತು ಕಲ್ನಾರಿನ ಜೊತೆ ಕೆಲಸ ಮಾಡಿದ್ದವರಿಗೆ ಬೀಟಾ ಕೆರೊಟಿನ್ ಜೊತೆ ವಿಟಮಿನ್ ಎ ಕೂಡ ಕೊಟ್ಟಿದ್ದರು. ಅಲ್ಲಿ 28% ಜಾಸ್ತಿ. 1996ರ ಜನವರಿಯಲ್ಲಿ, ನಿಗದಿಗಿಂತ 21 ತಿಂಗಳು ಮೊದಲೇ, ಆ ಪ್ರಯೋಗದ ಮಾತ್ರೆಗಳನ್ನು ನಿಲ್ಲಿಸಿಬಿಟ್ಟರು.

ಯಾಕೆ ಹೀಗಾಯಿತು? ಹೊಗೆಯಿಂದ ಆಗಲೇ ಘಾಸಿಗೊಂಡ, ಆಮ್ಲಜನಕ ತುಂಬಿದ ಶ್ವಾಸಕೋಶದಲ್ಲಿ ಬೀಟಾ ಕೆರೊಟಿನ್ ಒಡೆದು ಹೋಗಿ, ಆ ಚೂರುಗಳೇ ಹಾನಿ ಮಾಡುತ್ತವೆ ಅನ್ನುವುದು ಒಂದು ವಿವರಣೆ. ತರಕಾರಿಯಲ್ಲಿ ಸಿಗುವ ಪ್ರಮಾಣಕ್ಕೆ ಈ ಭಯ ಬೇಡ. ತೊಂದರೆ ಕಂಡದ್ದು ಮಾತ್ರೆಯಲ್ಲಿ ಒಟ್ಟಿಗೇ ಬರುವ ದೊಡ್ಡ ಪ್ರಮಾಣದಲ್ಲಿ.

ಏರೆಡ್ಸ್-2ರಲ್ಲೂ ಇದು ಮತ್ತೆ ಎದ್ದು ಕಂಡಿತು. ಆಗ ಸೇದುತ್ತಿದ್ದವರಿಗೆ ಬೀಟಾ ಕೆರೊಟಿನ್ ಕೊಟ್ಟೇ ಇರಲಿಲ್ಲ. ಹಾಗಿದ್ದರೂ ಬೀಟಾ ಕೆರೊಟಿನ್ ಗುಂಪಿನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಗಿತ್ತು, ಬಂದವರಲ್ಲಿ ಹೆಚ್ಚಿನವರು ಹಿಂದೆ ಸೇದಿ ಬಿಟ್ಟವರು. 2022ರಲ್ಲಿ ಅದೇ ಜನರ ಹತ್ತು ವರ್ಷದ ಲೆಕ್ಕ ಹೊರಬಂತು. ಬೀಟಾ ಕೆರೊಟಿನ್ ತೆಗೆದುಕೊಂಡವರಲ್ಲಿ ಆ ಅಪಾಯ ಹತ್ತಿರ ಹತ್ತಿರ ಎರಡರಷ್ಟು, ಲ್ಯೂಟಿನ್ ಮತ್ತು ಝಿಯಾಕ್ಸಾಂಥಿನ್ ತೆಗೆದುಕೊಂಡವರಲ್ಲಿ ಅಂಥ ಏರಿಕೆ ಇಲ್ಲ. ಕಣ್ಣಿನ ಲೆಕ್ಕದಲ್ಲೂ ಬೀಟಾ ಕೆರೊಟಿನ್‌ಗೆ ಹೋಲಿಸಿದರೆ ಲ್ಯೂಟಿನ್ ಜೋಡಿಯೇ ವಾಸಿ, ಕೊನೆಯ ಹಂತಕ್ಕೆ ಹೋಗುವುದು ಸುಮಾರು 20% ಕಡಿಮೆ. ಹಾಗಾಗಿ ಈಗ ಎಎಂಡಿಗೆ ಬರೆದುಕೊಡುವ ಸೂತ್ರದಲ್ಲಿ ಬೀಟಾ ಕೆರೊಟಿನ್ ತೆಗೆದು, ಆ ಜಾಗಕ್ಕೆ ಇವೆರಡನ್ನು ಹಾಕಿದ್ದಾರೆ.

ಆದರೆ ಬೀಟಾ ಕೆರೊಟಿನ್ ಇರುವ ಕಣ್ಣಿನ ಮಾತ್ರೆಗಳು, ಮಲ್ಟಿವಿಟಮಿನ್‌ಗಳು ಇನ್ನೂ ಮಾರಾಟದಲ್ಲಿವೆ. ಈಗ ಸೇದುವವರು, ಹಿಂದೆ ಸೇದಿ ಬಿಟ್ಟವರು ಬೀಟಾ ಕೆರೊಟಿನ್ ಮಾತ್ರೆ ಮುಟ್ಟಬಾರದು. ‘ಬಿಟ್ಟು ಬಹಳ ವರ್ಷ ಆಯ್ತಲ್ಲ’ ಅಂತ ಸಮಾಧಾನ ಮಾಡಿಕೊಳ್ಳುವುದೂ ಬೇಡ. ಡಾಕ್ಟರು ಕೇಳದಿದ್ದರೂ ಹಿಂದೆ ಸೇದುತ್ತಿದ್ದ ವಿಷಯ ನೀವೇ ಹೇಳಿ.

## ಮೊಬೈಲ್, ಕಂಪ್ಯೂಟರ್ ನೋಡುವವರಿಗೆ?

ಇವತ್ತು ಈ ಮಾತ್ರೆ ಜಾಸ್ತಿ ಮಾರಾಟ ಆಗುತ್ತಿರುವುದು ‘ನೀಲಿ ಬೆಳಕಿನಿಂದ ರಕ್ಷಣೆ’ ಅನ್ನುವ ಮಾತಿನ ಮೇಲೆ. ಲ್ಯೂಟಿನ್ ನೀಲಿ ಬೆಳಕನ್ನು ಹೀರುತ್ತದೆ ಅನ್ನುವುದು ನಿಜ. ಪರದೆಯಿಂದ ನೀಲಿ ಬೆಳಕು ಬರುತ್ತದೆ ಅನ್ನುವುದೂ ನಿಜ. ಆದರೆ ಹಗಲು ಹೊತ್ತು ಹೊರಗೆ ನಿಂತರೆ ಕಣ್ಣಿಗೆ ಬೀಳುವ ನೀಲಿ ಬೆಳಕಿನ ಮುಂದೆ ಪರದೆಯದು ಯಾವ ಲೆಕ್ಕಕ್ಕೂ ಇಲ್ಲ. ಮಾಮೂಲಿ ಬಳಕೆಯಲ್ಲಿ ಪರದೆಯ ಬೆಳಕು ರೆಟಿನಾವನ್ನು ಹಾಳುಮಾಡುತ್ತದೆ ಅನ್ನುವುದಕ್ಕೆ ಪುರಾವೆ ಇಲ್ಲ ಅಂತ ಅಮೆರಿಕದ ನೇತ್ರತಜ್ಞರ ಸಂಘ ಹೇಳುತ್ತದೆ.

ಮತ್ತೆ ಸಂಜೆ ಹೊತ್ತಿಗೆ ಕಣ್ಣು ಉರಿಯುವುದು, ಭಾರ ಆಗುವುದು ಯಾಕೆ? ಪರದೆ ನೋಡುವಾಗ ನಾವು ರೆಪ್ಪೆ ಮಿಟುಕಿಸುವುದೇ ಕಡಿಮೆ. ಕಣ್ಣಿನ ಮೇಲಿನ ನೀರಿನ ಪದರ ಒಣಗುತ್ತದೆ. ಹತ್ತಿರದ ಒಂದೇ ದೂರಕ್ಕೆ ಗಂಟೆಗಟ್ಟಲೆ ದೃಷ್ಟಿ ನೆಟ್ಟು ಒಳಗಿನ ಸ್ನಾಯು ದಣಿಯುತ್ತದೆ. ಇದಕ್ಕೆ ಇಪ್ಪತ್ತು ನಿಮಿಷಕ್ಕೊಮ್ಮೆ ತಲೆ ಎತ್ತಿ, ಇಪ್ಪತ್ತು ಅಡಿ ದೂರದ್ದನ್ನು ಇಪ್ಪತ್ತು ಸೆಕೆಂಡ್ ನೋಡುವುದು ಸಾಕು, ಕಾಸೂ ಖರ್ಚಿಲ್ಲ. ಅದರಿಂದಲೂ ಕಡಿಮೆಯಾಗದಿದ್ದರೆ ಕನ್ನಡಕದ ನಂಬರ್ ಪರೀಕ್ಷೆ ಮಾಡಿಸಬೇಕು.

ನ್ಯಾಯವಾಗಿ ಹೇಳಬೇಕಾದ ಒಂದು ಮಾತು ಇದೆ. ಕೆಲವು ತಿಂಗಳು ಲ್ಯೂಟಿನ್ ತೆಗೆದುಕೊಂಡರೆ ಮ್ಯಾಕ್ಯುಲಾದ ಹಳದಿ ಗಾಢವಾಗುತ್ತದೆ, ಇದನ್ನು ಯಂತ್ರದಲ್ಲಿ ಅಳೆದಿದ್ದಾರೆ. ಕಣ್ಣು ಕುಕ್ಕುವ ಬೆಳಕನ್ನು ಸಹಿಸುವುದು ಸ್ವಲ್ಪ ಸುಲಭವಾಯಿತು ಅಂತ ಹೇಳುವ ಸಣ್ಣ ಅಧ್ಯಯನಗಳೂ ಇವೆ. ಆದರೆ ಆರೋಗ್ಯವಂತ ಯುವಕರು ಈಗ ಮಾತ್ರೆ ನುಂಗಿದರೆ ನಲವತ್ತು ವರ್ಷದ ಮೇಲೆ ಎಎಂಡಿ ಬರುವುದಿಲ್ಲ ಅಂತ ತೋರಿಸಿಕೊಟ್ಟ ಪ್ರಯೋಗ ಯಾವುದೂ ಇಲ್ಲ. ಅಂಥವರಿಗೆ ತಟ್ಟೆಯಲ್ಲಿ ಸೊಪ್ಪು ಇದ್ದರೆ ಸಾಕು.

ಎಷ್ಟು ಸೊಪ್ಪು ಅಂತೀರಾ? ಬೇಯಿಸಿದ ಪಾಲಕ್ 100 ಗ್ರಾಂನಲ್ಲಿ ಲ್ಯೂಟಿನ್ ಮತ್ತು ಝಿಯಾಕ್ಸಾಂಥಿನ್ ಸೇರಿ ಸುಮಾರು 11 ಮಿ.ಗ್ರಾಂ ಇರುತ್ತದೆ. ಒಂದು ಕ್ಯಾಪ್ಸೂಲಿನಲ್ಲಿ ಇರುವುದೂ ಹೆಚ್ಚುಕಡಿಮೆ ಅಷ್ಟೇ. ಮೊಟ್ಟೆಯ ಹಳದಿಯಲ್ಲಿ ಪ್ರಮಾಣ ತೀರಾ ಕಡಿಮೆ, ಆದರೆ ಅಲ್ಲಿ ಕೊಬ್ಬಿನ ಜೊತೆಯಲ್ಲೇ ಇರುವುದರಿಂದ ದೇಹಕ್ಕೆ ಚೆನ್ನಾಗಿ ಸೇರುತ್ತದೆ. ಕಿತ್ತಳೆ ಬಣ್ಣದ ದೊಣ್ಣೆ ಮೆಣಸಿನಕಾಯಿ ಮತ್ತು ಹಳದಿ ಮೆಕ್ಕೆಜೋಳ ಝಿಯಾಕ್ಸಾಂಥಿನ್‌ಗೆ ಒಳ್ಳೆಯವು.

## ಡಬ್ಬಿಯ ಹಿಂದೆ ಏನು ಓದಬೇಕು

ಮುಂದೆ ದಪ್ಪಕ್ಷರದಲ್ಲಿ ಇರುವುದನ್ನು ಬಿಟ್ಟುಬಿಡಿ, ಹಿಂದೆ ಸಣ್ಣಕ್ಷರದಲ್ಲಿ ಇರುವುದನ್ನು ಓದಿ. ‘ಲ್ಯೂಟಿನ್ 10%, 100 ಮಿ.ಗ್ರಾಂ’ ಅಂತ ಇದ್ದರೆ ನಿಜವಾದ ಲ್ಯೂಟಿನ್ 10 ಮಿ.ಗ್ರಾಂ ಮಾತ್ರ, 100 ಅಲ್ಲ. ಅದೇ ಜಾಗದಲ್ಲಿ 5% ಅಂತ ಇದ್ದರೆ ಐದೇ. ಲ್ಯೂಟಿನ್ ಎಸ್ಟರ್ ಅಂತ ಇದ್ದರೆ ಸುಮಾರು ಅರ್ಧಕ್ಕೆ ಲೆಕ್ಕ ಹಾಕಿ, 20 ಮಿ.ಗ್ರಾಂ ಎಸ್ಟರ್‌ನಲ್ಲಿ ಹತ್ತಿರ ಹತ್ತಿರ 10 ಮಿ.ಗ್ರಾಂ ಲ್ಯೂಟಿನ್ ಇರುತ್ತದೆ. ಚೆಂಡು ಹೂವಿನ ಸಾರ ಅಂತ ಬರೆದಿದ್ದರೆ ಗಾಬರಿ ಬೇಡ, ಮಾರುಕಟ್ಟೆಯ ಲ್ಯೂಟಿನ್ ಹೆಚ್ಚಾಗಿ ಅದರಿಂದಲೇ ಬರುವುದು.

ಆಮೇಲೆ ಬೀಟಾ ಕೆರೊಟಿನ್ ಇದೆಯಾ ನೋಡಿ. ಕೆಲವು ಡಬ್ಬಿಯಲ್ಲಿ ಅದನ್ನು ‘ವಿಟಮಿನ್ ಎ (ಬೀಟಾ ಕೆರೊಟಿನ್ ರೂಪದಲ್ಲಿ)’ ಅಂತ ಬರೆದಿರುತ್ತಾರೆ, ಸುಲಭವಾಗಿ ಕಣ್ಣು ತಪ್ಪುತ್ತದೆ. ಮ್ಯಾಕ್ಯುಲರ್ ಡಿಜೆನರೇಷನ್‌ಗೆ ಅಂತ ಡಾಕ್ಟರು ಹೇಳಿದ್ದರೆ ವಿಟಮಿನ್ ಸಿ, ಇ, ಝಿಂಕ್, ತಾಮ್ರವೂ ಇರಬೇಕು. ಬರೀ ಲ್ಯೂಟಿನ್ ಇರುವ ಡಬ್ಬಿ ಆ ಪ್ರಯೋಗದ ಸೂತ್ರಕ್ಕೆ ಸಮವಲ್ಲ. ಹೆಸರು ಹತ್ತಿರ ಇದೆ ಅಂತ ಅಂಗಡಿಯವರು ಬೇರೆ ಯಾವುದೋ ಕೊಟ್ಟರೆ ಈ ಸಾಲುಗಳನ್ನು ಹೊಂದಿಸಿ ನೋಡಿ.

ಅಸ್ಟಾಕ್ಸಾಂಥಿನ್ ಅಂತಲೂ ಈಗ ಬರುತ್ತಿದೆ. ಸಾಲ್ಮನ್ ಮೀನಿಗೆ ಕೆಂಪು ಕೊಡುವ ಕೆರೊಟಿನಾಯ್ಡ್ ಅದು. ಎಎಂಡಿಯ ಈ ಎರಡು ದೊಡ್ಡ ಪ್ರಯೋಗಗಳಲ್ಲಿ ಅದು ಇರಲೇ ಇಲ್ಲ.

## ತೆಗೆದುಕೊಳ್ಳುವ ರೀತಿ

ಕೆರೊಟಿನಾಯ್ಡ್‌ಗಳು ನೀರಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತವೆ. ಹಾಗಾಗಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿದರೆ ಬಹಳಷ್ಟು ಹಾಗೇ ಹೊರಗೆ ಹೋಗುತ್ತದೆ. ಸ್ವಲ್ಪ ಎಣ್ಣೆಯೋ ತುಪ್ಪವೋ ಇರುವ ಊಟದ ಜೊತೆ ತೆಗೆದುಕೊಳ್ಳಬೇಕು. ಝಿಂಕ್ ಇರುವ ಮಾತ್ರೆ ಖಾಲಿ ಹೊಟ್ಟೆಯಲ್ಲಿ ಓಕರಿಕೆ ತರಿಸುತ್ತದೆ, ಅದಕ್ಕೂ ಊಟವೇ ಸರಿ. ಕೊಬ್ಬು ಹೀರದಂತೆ ತಡೆಯುವ ತೂಕದ ಮಾತ್ರೆಗಳು ಮತ್ತು ಕೊಲೆಸ್ಟ್ರಾಲ್‌ಗೆ ಕೊಡುವ ಕೊಲೆಸ್ಟೈರಮಿನ್ ಪುಡಿ ಇದರ ಹೀರಿಕೆಯನ್ನೂ ತಗ್ಗಿಸುತ್ತವೆ.

ಇವತ್ತು ನುಂಗಿ ನಾಳೆ ವ್ಯತ್ಯಾಸ ಹುಡುಕಬೇಡಿ. ಮ್ಯಾಕ್ಯುಲಾದಲ್ಲಿ ಬಣ್ಣ ಸೇರುವುದಕ್ಕೇ ತಿಂಗಳುಗಳು ಬೇಕು. ಎಎಂಡಿಗೆ ತೆಗೆದುಕೊಳ್ಳುವವರಿಗೆ ‘ಚೆನ್ನಾಗಿ ಕಾಣುತ್ತಿದೆ’ ಅಂತ ಅನ್ನಿಸುವುದೇ ಇಲ್ಲ, ಯಾಕೆಂದರೆ ಅದರ ಕೆಲಸ ಕೆಡುವುದನ್ನು ನಿಧಾನ ಮಾಡುವುದು. ಏನೂ ಬದಲಾಗಲಿಲ್ಲ ಅಂತ ಬೇಸತ್ತು ನಿಲ್ಲಿಸುವವರು ಬಹಳ. ಬದಲಾಗದೆ ಇರುವುದೇ ಅಲ್ಲಿ ಲಾಭ.

## ಜಾಸ್ತಿ ಆದರೆ ಏನಾಗುತ್ತದೆ?

ಲ್ಯೂಟಿನ್ ಒಟ್ಟಿನಲ್ಲಿ ಸುರಕ್ಷಿತ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ದೇಹದ ಒಂದು ಕಿಲೋ ತೂಕಕ್ಕೆ ದಿನಕ್ಕೆ 1 ಮಿ.ಗ್ರಾಂವರೆಗೆ ಮಿತಿ ಇಟ್ಟಿದೆ, 60 ಕಿಲೋದವರಿಗೆ 60 ಮಿ.ಗ್ರಾಂ. ಮಾಮೂಲಿ ಕ್ಯಾಪ್ಸೂಲು ಅದಕ್ಕಿಂತ ಬಹಳ ಕೆಳಗಿದೆ. ಬಹಳ ದಿನ ಜಾಸ್ತಿ ತಿಂದರೆ ಅಂಗೈ, ಅಂಗಾಲು ಹಳದಿಯಾಗಬಹುದು. ಕ್ಯಾರೆಟ್ ರಸ ಲೋಟಗಟ್ಟಲೆ ಕುಡಿಯುವವರಿಗೂ ಹೀಗೆ ಆಗುತ್ತದೆ. ಕಾಮಾಲೆ ಅಂತ ಹೆದರುವ ಮೊದಲು ಕಣ್ಣಿನ ಬಿಳಿಗುಡ್ಡೆ ನೋಡಿ. ಕೆರೊಟಿನಾಯ್ಡ್‌ನಿಂದ ಚರ್ಮ ಹಳದಿಯಾದರೂ ಬಿಳಿಗುಡ್ಡೆ ಬಿಳಿಯಾಗಿಯೇ ಇರುತ್ತದೆ. ಕಾಮಾಲೆಯಲ್ಲಿ ಅದೂ ಹಳದಿಯಾಗುತ್ತದೆ, ಆಗ ತಡಮಾಡದೆ ಡಾಕ್ಟರ ಹತ್ತಿರ ಹೋಗಬೇಕು.

ಹಾಗಂತ ಕೆರೊಟಿನಾಯ್ಡ್ ಎಂದರೆ ಎಲ್ಲವೂ ಸಾಧು ಅಂತಲ್ಲ. ಕ್ಯಾಂಥಾಕ್ಸಾಂಥಿನ್ ಅಂತ ಒಂದಿದೆ. ಬಿಸಿಲಿಗೆ ಹೋಗದೆ ಮೈ ಕಂದುಬಣ್ಣಕ್ಕೆ ತಿರುಗಲಿ ಅಂತ ಪಾಶ್ಚಾತ್ಯ ದೇಶಗಳಲ್ಲಿ ಅದನ್ನು ಮಾತ್ರೆಯಾಗಿ ನುಂಗುತ್ತಿದ್ದರು. ಅವರ ಕಣ್ಣು ಪರೀಕ್ಷೆ ಮಾಡಿದ ಡಾಕ್ಟರುಗಳಿಗೆ ಮ್ಯಾಕ್ಯುಲಾದ ಸುತ್ತ ಚಿನ್ನದ ಹುಡಿ ಎರಚಿದ ಹಾಗೆ ಹರಳುಗಳು ಕಂಡವು. ಮಾತ್ರೆ ನಿಲ್ಲಿಸಿದ ಮೇಲೂ ಅವು ಕರಗಲು ವರ್ಷಗಳು ಹಿಡಿದವು.

ಲ್ಯೂಟಿನ್‌ಗಿಂತ ಅದರ ಜೊತೆಗೆ ಬರುವವುಗಳ ಬಗ್ಗೆ ಹೆಚ್ಚು ಎಚ್ಚರ ಬೇಕು. ದಿನಕ್ಕೆ 80 ಮಿ.ಗ್ರಾಂ ಝಿಂಕ್ ದೊಡ್ಡ ಪ್ರಮಾಣ. ಹೊಟ್ಟೆ ಕೆಡಬಹುದು. ಮೊದಲ ಏರೆಡ್ಸ್‌ನಲ್ಲಿ ಝಿಂಕ್ ತೆಗೆದುಕೊಂಡವರು ಮೂತ್ರದ ತೊಂದರೆಗೆ ಆಸ್ಪತ್ರೆ ಸೇರಿದ್ದೂ ಜಾಸ್ತಿ. ವಿಟಮಿನ್ ಇ ಜಾಸ್ತಿ ಆದರೆ ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ರಕ್ತಸ್ರಾವದ ಅಪಾಯ. ಸ್ಟಾರ್‌ಗಾರ್ಟ್ ಅನ್ನುವ ವಂಶವಾಹಿ ಕಣ್ಣಿನ ಕಾಯಿಲೆ ಇರುವವರು ವಿಟಮಿನ್ ಎ ಮಾತ್ರೆಯಿಂದ ದೂರ ಇರಬೇಕು. ಬಸುರಿಯರಿಗೆ ವಿಟಮಿನ್ ಎ, ಅಂದರೆ ರೆಟಿನಾಲ್ ರೂಪದಲ್ಲಿರುವುದು, ಜಾಸ್ತಿ ಆದರೆ ಮಗುವಿಗೆ ತೊಂದರೆ. ಆಗಲೇ ಒಂದು ಮಲ್ಟಿವಿಟಮಿನ್ ನಡೆಯುತ್ತಿದ್ದರೆ ಎರಡೂ ಡಬ್ಬಿ ಒಟ್ಟಿಗೆ ತೆಗೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ. ಒಂದೇ ವಸ್ತು ಎರಡು ಕಡೆಯಿಂದ ಹೋಗುತ್ತಿರುವುದು ಬಹಳ ಸಲ ಆಗಲೇ ಗೊತ್ತಾಗುವುದು.

## ಡಾಕ್ಟರ ಹತ್ತಿರ ಏನು ಕೇಳಬೇಕು?

ಮಾತ್ರೆ ಬೇಕಾ ಅಂತ ಕೇಳುವ ಮೊದಲು ಕಣ್ಣಿನ ಪಾಪೆಗೆ ಹನಿ ಹಾಕಿ ರೆಟಿನಾ ಪರೀಕ್ಷೆ ಮಾಡಿಸಿ. ನಂಬರ್ ನೋಡುವ ಪರೀಕ್ಷೆಯಲ್ಲಿ ಡ್ರೂಸನ್ ಗೊತ್ತಾಗುವುದಿಲ್ಲ. ಎಎಂಡಿ ಇದೆ ಅಂದರೆ ‘ಯಾವ ಹಂತ?’ ಅಂತ ಕೇಳಿ. ಮಧ್ಯಮ ಹಂತ, ಅಥವಾ ಒಂದು ಕಣ್ಣಲ್ಲಿ ಕೊನೆಯ ಹಂತ ಅಂದರೆ ಮಾತ್ರೆಗೆ ಅರ್ಥವಿದೆ. ಆರಂಭದ ಹಂತ ಅಂದರೆ ಸೊಪ್ಪು, ಸಿಗರೇಟು ಬಿಡುವುದು, ನಿಯಮಿತ ತಪಾಸಣೆ.

ಎಎಂಡಿ ಇರುವವರು ಮಾತ್ರೆ ತೆಗೆದುಕೊಳ್ಳುತ್ತಿದ್ದರೂ ಮನೆಯಲ್ಲೇ ಒಂದು ಪರೀಕ್ಷೆ ಮಾಡಿಕೊಳ್ಳುತ್ತಿರಬೇಕು. ಆಮ್ಸ್ಲರ್ ಗ್ರಿಡ್ ಅಂತ, ಚೌಕುಳಿ ಗೆರೆಗಳ ಒಂದು ಹಾಳೆ, ನಡುವೆ ಒಂದು ಚುಕ್ಕಿ. ಓದುವ ಕನ್ನಡಕ ಹಾಕಿಕೊಂಡು, ಹಾಳೆಯನ್ನು ಓದುವಷ್ಟು ದೂರದಲ್ಲಿ ಹಿಡಿದು, ಒಂದು ಕಣ್ಣು ಅಂಗೈಯಲ್ಲಿ ಮುಚ್ಚಿ, ಇನ್ನೊಂದರಿಂದ ಚುಕ್ಕಿಯನ್ನೇ ನೋಡಬೇಕು. ಆಮೇಲೆ ಇನ್ನೊಂದು ಕಣ್ಣು. ಎರಡೂ ಕಣ್ಣು ತೆರೆದು ನೋಡಿದರೆ ಉಪಯೋಗವಿಲ್ಲ, ಚೆನ್ನಾಗಿರುವ ಕಣ್ಣು ಇನ್ನೊಂದರ ತಪ್ಪನ್ನು ಮುಚ್ಚಿಹಾಕುತ್ತದೆ. ನೇರ ಗೆರೆ ಬಾಗಿದಂತೆ, ಅಲೆಯಂತೆ ಕಂಡರೆ ಅಥವಾ ಮಧ್ಯೆ ಗೆರೆಗಳೇ ಮಾಯವಾಗಿದ್ದರೆ ಅದು ಒದ್ದೆ ಬಗೆಯ ಸೂಚನೆ ಇರಬಹುದು. ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯಬೇಡಿ. ಒದ್ದೆ ಬಗೆಗೆ ಕಣ್ಣೊಳಗೆ ಕೊಡುವ ಇಂಜೆಕ್ಷನ್ ಇದೆ, ಎಷ್ಟು ಬೇಗ ಶುರುಮಾಡಿದರೆ ಅಷ್ಟು ನೋಟ ಉಳಿಯುತ್ತದೆ. ಆ ಕೆಲಸವನ್ನು ಯಾವ ಲ್ಯೂಟಿನ್ ಮಾತ್ರೆಯೂ ಮಾಡುವುದಿಲ್ಲ.